ಬಂಡವಾಳ ಬಂದ ಮೇಲೆ: ವಿದೇಶಿ ಹೂಡಿಕೆ ಮತ್ತು ಸ್ಥಳೀಯ ಉತ್ಪಾದಕತೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)





2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ನಡೆಯಿತು. ಮುಗಿದಾಗ ಸರ್ಕಾರ ಪ್ರಕಟಿಸಿದ ಹೂಡಿಕೆ ಭರವಸೆಗಳ ಮೊತ್ತ 10.27 ಲಕ್ಷ ಕೋಟಿ ರೂಪಾಯಿ. ಸ್ವದೇಶಿ, ವಿದೇಶಿ ಎರಡೂ ಸೇರಿದ ಲೆಕ್ಕ ಅದು. ಇಂಥ ಸಮಾವೇಶಗಳು ಮುಗಿದ ಮೇಲೆ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಇದರಲ್ಲಿ ನಿಜವಾಗಿ ಬರುವುದೆಷ್ಟು? ಎಷ್ಟು ಮಂದಿಗೆ ಕೆಲಸ ಸಿಗುತ್ತದೆ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮೂರನೆಯದೊಂದಿದೆ. ಹೊಸ ಕಾರ್ಖಾನೆಯ ಕಾಂಪೌಂಡಿನ ಆಚೆ ಮೊದಲಿನಿಂದಲೂ ಇರುವ ಲೇತ್ ಶಾಪು, ಫೌಂಡ್ರಿ, ಡೈ ಮಾಡುವ ಶೆಡ್ಡು, ರಟ್ಟಿನ ಪೆಟ್ಟಿಗೆಯ ಘಟಕ ಇವೆಲ್ಲ ಹತ್ತು ವರ್ಷದ ನಂತರ ಈಗಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿರುತ್ತವೆಯೇ? ಇಂದು ನಾನು ಮಾತಾಡಬೇಕೆಂದಿರುವುದು ಈ ಮೂರನೆಯ ಪ್ರಶ್ನೆಯ ಬಗ್ಗೆ.

ಅದೇ ಆಳು, ಅದೇ ಯಂತ್ರ, ಅದೇ ಎಂಟು ಗಂಟೆಯ ಪಾಳಿ. ಸಂಜೆಗೆ ಕೈಗೆ ಬರುವ ಮಾಲು ಹಿಂದಿಗಿಂತ ಹೆಚ್ಚಾಗಿದ್ದರೆ ಅಥವಾ ಮೇಲ್ಮಟ್ಟದ್ದಾಗಿದ್ದರೆ ಉತ್ಪಾದಕತೆ ಏರಿತು ಎನ್ನುತ್ತೇವೆ. ಬಡ ದೇಶದ ಕಾರ್ಮಿಕ ಕಡಿಮೆ ದುಡಿಯುತ್ತಾನೆಂದು ಯಾರೂ ಹೇಳಲಾರರು. ಅಷ್ಟೇ ಬೆವರು ಸುರಿಸಿದರೂ ಗಳಿಕೆ ಕಡಿಮೆ. ಯಂತ್ರ, ವಿದ್ಯುತ್ತು, ರಸ್ತೆ, ಕೆಲಸ ಜೋಡಿಸುವ ಕ್ರಮ, ಲೆಕ್ಕಪತ್ರ, ಮಾರುಕಟ್ಟೆಯ ತಿಳಿವಳಿಕೆ ಇವು ಅವನ ಕೈಗೆ ಬಲ ಕೊಡುವುದಿಲ್ಲ ಎಂಬುದೇ ಕಾರಣ. ಹೊರಗಿನ ಕಂಪನಿ ಬಂದರೆ ಈ ತಿಳಿವಳಿಕೆಯೂ ತಾನಾಗಿ ಬರುತ್ತದೆಂಬ ನಂಬಿಕೆಯ ಮೇಲೆ ಎಷ್ಟೋ ಸರ್ಕಾರಗಳು ಭೂಮಿ, ನೀರು, ತೆರಿಗೆ ರಿಯಾಯಿತಿ ಕೊಡುತ್ತವೆ. ಆ ನಂಬಿಕೆಯಲ್ಲಿ ‘ತಾನಾಗಿ’ ಎಂಬ ಭಾಗವೊಂದು ಬಿಟ್ಟು ಉಳಿದದ್ದು ನಿಜವಾಗಬಲ್ಲದು ಎಂಬುದು ನನ್ನ ವಾದ.

1. ಕೋಲಾರದ ಚಿನ್ನ, ಶಿವನಸಮುದ್ರದ ವಿದ್ಯುತ್ತು

ನಮ್ಮದೇ ನೆಲದ ಹಳೆಯ ಉದಾಹರಣೆಯಿಂದ ಶುರುಮಾಡೋಣ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿತು. ಬಂಡವಾಳ ಬ್ರಿಟನ್ನಿನದು. ಯಂತ್ರಗಳು ಅಲ್ಲಿಂದಲೇ ಬಂದವು. ಗಣಿ ಬಲ್ಲವರು ಕಾರ್ನ್‌ವಾಲ್‌ನಿಂದ ಬಂದರು. ಪಾತಾಳಕ್ಕಿಳಿದು ಕಲ್ಲು ಕಡಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಗಳ ಬಡವರು. ಚಿನ್ನ ಲಂಡನ್ನಿಗೆ ಹೋಯಿತು. ಸುತ್ತಲಿನ ರಾಗಿ ಹೊಲದ ರೈತನ ನೇಗಿಲು ಮಾತ್ರ ಬದಲಾಗಲಿಲ್ಲ. ಹಾನ್ಸ್ ಸಿಂಗರ್ ಎಂಬ ಅರ್ಥಶಾಸ್ತ್ರಜ್ಞರು 1950ರಲ್ಲಿ ಇಂಥ ಗಣಿ, ತೋಟಗಳ ಬಗ್ಗೆ ಖಡಾಖಂಡಿತವಾಗಿ ಬರೆದರು: ಇವು ಭೂಪಟದಲ್ಲಿ ಬಡ ದೇಶದೊಳಗಿದ್ದರೂ ಆರ್ಥಿಕವಾಗಿ ಬಂಡವಾಳ ಹೂಡಿದ ದೇಶದ ಅಂಗಗಳೇ ಆಗಿರುತ್ತವೆ ಎಂದು.

ಕೋಲಾರದ ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. ಗಣಿಗೆ ಅಪಾರ ಶಕ್ತಿ ಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಮೈಸೂರು ಸರ್ಕಾರ, ಗಣಿ ಕಂಪನಿಗಳು ವಿದ್ಯುತ್ತನ್ನು ಕೊಳ್ಳುತ್ತವೆಂಬ ಒಪ್ಪಂದದ ಬಲದ ಮೇಲೆ, ಶಿವನಸಮುದ್ರದಲ್ಲಿ ತನ್ನದೇ ಹಣದಿಂದ ಕಾವೇರಿ ವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡಿತು. ಯೋಜನೆ ಮುಗಿಯುವ ಮುನ್ನ ದಿವಾನರು ತೀರಿಕೊಂಡರು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೂಲಕ ಕರೆಂಟು ಕೋಲಾರ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಮುಂದೆ ಗಿರಣಿಗಳಿಗೂ ಕಾರ್ಖಾನೆಗಳಿಗೂ ಹಳೇ ಮೈಸೂರು ಸೀಮೆಯ ಪಟ್ಟಣಗಳಿಗೂ ಹರಡಿತು. ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ಕೇಂದ್ರ ಅದಾದ ಮೇಲೂ ವಿದ್ಯುತ್ತು ಕೊಟ್ಟಿತು.

ಇಲ್ಲಿ ನಡೆದದ್ದೇನು? ವಿದೇಶಿ ಕಂಪನಿ ತನ್ನ ಇಷ್ಟದಿಂದ ನಮಗೇನನ್ನೂ ಕಲಿಸಲಿಲ್ಲ. ಆದರೆ ಅದೊಂದು ದೊಡ್ಡ ಗಿರಾಕಿಯಾಗಿತ್ತು. ಆ ಗಿರಾಕಿಗೆ ಬೇಕಾದದ್ದನ್ನು ಪೂರೈಸಲು ಸ್ಥಳೀಯ ಸರ್ಕಾರ ಮುಂದಾಯಿತು. ಹಾಗೆ ಕಟ್ಟಿದ್ದು ಗಿರಾಕಿ ಹೋದ ಮೇಲೂ ಉಳಿಯಿತು. ಹೊರಗಿನ ಕಂಪನಿಯೊಂದಿಗೆ ನಮಗೆ ಏರ್ಪಡುವ ವ್ಯವಹಾರ ಯಾವ ಬಗೆಯದು ಎಂಬುದರ ಮೇಲೆ ಎಲ್ಲ ನಿಂತಿದೆ. ಮುಂದಿನ ಉದಾಹರಣೆಗಳನ್ನೆಲ್ಲ ಈ ಅಳತೆಯಿಂದಲೇ ನೋಡೋಣ.

2. ಒಂದೇ ಸಂತೆಯ ಎದುರಾಳಿಗಳು

ಪ್ರತಿಸ್ಪರ್ಧಿಯಾಗಿ ಬರುವ ಕಂಪನಿಯಿಂದ ಏನಾಗುತ್ತದೆ? ಬ್ರಯನ್ ಐಟ್ಕನ್ ಮತ್ತು ಆನ್ ಹ್ಯಾರಿಸನ್ ಎಂಬಿಬ್ಬರು ವೆನೆಜುವೆಲಾದ ಸಾವಿರಾರು ಕಾರ್ಖಾನೆಗಳ 1976ರಿಂದ 1989ರವರೆಗಿನ ಲೆಕ್ಕಗಳನ್ನು ಶೋಧಿಸಿ 1999ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿದೇಶಿ ಪಾಲು ಪಡೆದ ಘಟಕಗಳು, ವಿಶೇಷವಾಗಿ ಅವುಗಳಲ್ಲಿ ಸಣ್ಣವು, ಸುಧಾರಿಸಿದ್ದವು. ಅದೇ ಉದ್ದಿಮೆಯಲ್ಲಿದ್ದ ಪೂರ್ಣ ದೇಶೀಯ ಘಟಕಗಳ ಉತ್ಪಾದಕತೆ ಇಳಿದಿತ್ತು. ಎರಡನ್ನೂ ಕೂಡಿ ಕಳೆದರೆ ದೇಶಕ್ಕೆ ದಕ್ಕಿದ ಲಾಭ ಅತ್ಯಲ್ಪ.

ಇದರ ಹಿಂದಿನ ತರ್ಕ ಕಷ್ಟದ್ದೇನಲ್ಲ. ಒಂದು ಕಾರ್ಖಾನೆಗೆ ಬಾಡಿಗೆ, ಬಡ್ಡಿ, ಕಾಯಂ ನೌಕರರ ಸಂಬಳ ಎಂದು ಕೆಲವು ತಪ್ಪದ ಖರ್ಚುಗಳಿರುತ್ತವೆ. ಬಲಶಾಲಿ ಎದುರಾಳಿ ಬಂದು ಅರ್ಧ ಗಿರಾಕಿಗಳನ್ನು ಸೆಳೆದುಕೊಂಡರೆ ಆ ಖರ್ಚೆಲ್ಲ ಕಡಿಮೆ ಮಾಲಿನ ಮೇಲೆ ಬೀಳುತ್ತದೆ. ನುರಿತ ಕೆಲಸಗಾರರು ಹೆಚ್ಚಿನ ಸಂಬಳಕ್ಕೆ ಅತ್ತ ಹೋಗುತ್ತಾರೆ. ಇನ್ನು ಬಂದವನಾದರೂ ಎದುರಾಳಿಗೆ ತನ್ನ ಗುಟ್ಟನ್ನು ಏಕೆ ಬಿಟ್ಟುಕೊಟ್ಟಾನು?

ಹಾಗಾದರೆ ವಿದ್ಯೆ ಸೋರುವುದು ಎಲ್ಲಿ? ಆಲ್ಬರ್ಟ್ ಹಿರ್ಷ್‌ಮನ್ 1958ರಲ್ಲೇ ದಾರಿ ತೋರಿಸಿದ್ದರು: ಒಂದು ಉದ್ದಿಮೆ ತನಗೆ ಸರಕು ಒದಗಿಸುವವರೊಂದಿಗೆ ಹೊಂದುವ ಹಿಂದಿನ ಕೊಂಡಿಗಳನ್ನು ನೋಡಿ ಎಂದಿದ್ದರು. ಬಿಯಾಟಾ ಯಾವೊರ್ಚಿಕ್ 2004ರಲ್ಲಿ ಲಿಥುವೇನಿಯಾದ ಕಾರ್ಖಾನೆಗಳ ಲೆಕ್ಕವಿಟ್ಟು ಅದನ್ನು ತೋರಿಸಿಕೊಟ್ಟರು. ಸೋವಿಯತ್ ಒಕ್ಕೂಟದಿಂದ ಹೊರಬಂದು ಹೊಸದಾಗಿ ಮಾರುಕಟ್ಟೆ ಕಟ್ಟಿಕೊಳ್ಳುತ್ತಿದ್ದ ಆ ಪುಟ್ಟ ದೇಶದಲ್ಲಿ, ವಿದೇಶಿ ಕಂಪನಿಗಳಿಗೆ ಮಾಲು ಒದಗಿಸುವ ಉದ್ದಿಮೆಗಳಲ್ಲಿದ್ದ ದೇಶೀಯ ಘಟಕಗಳ ಉತ್ಪಾದಕತೆ ಏರಿತ್ತು. ಅದೂ ಎಲ್ಲೆಡೆಯಲ್ಲ: ಸ್ಥಳೀಯರೂ ಪಾಲುದಾರರಾಗಿದ್ದ ಹೂಡಿಕೆಗಳಿಂದ ಈ ಪ್ರಯೋಜನ ಕಂಡಿತು, ಸಂಪೂರ್ಣ ವಿದೇಶಿ ಒಡೆತನದವುಗಳಿಂದ ಕಾಣಲಿಲ್ಲ. ಸ್ಥಳೀಯ ಪಾಲುದಾರನಿಗೆ ಊರಿನ ವರ್ಕ್‌ಶಾಪುಗಳ ಪರಿಚಯವಿರುತ್ತದೆ, ಅವನು ಅಲ್ಲಿಂದಲೇ ಕೊಳ್ಳುತ್ತಾನೆ ಎಂಬುದು ಇದಕ್ಕೆ ಒಂದು ವಿವರಣೆ.

3. ಪೂರೈಕೆದಾರನ ಶೆಡ್ಡಿನೊಳಗೆ

ಕೋಸ್ಟರೀಕಾ ಮಧ್ಯ ಅಮೆರಿಕದ ಪುಟ್ಟ ದೇಶ. ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಕಾಫಿ, ಬಾಳೆಹಣ್ಣು ಮಾರಿ ಬದುಕುತ್ತಿದ್ದ ನಾಡು. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿ ಶಿಕ್ಷಣ, ಆರೋಗ್ಯಕ್ಕೆ ಒತ್ತು ಕೊಟ್ಟಿತ್ತು. 1996ರಲ್ಲಿ ಇಂಟೆಲ್ ಕಂಪನಿ ಚಿಪ್ ಜೋಡಣೆಯ ಕಾರ್ಖಾನೆಗೆ ಈ ದೇಶವನ್ನು ಆರಿಸಿಕೊಂಡಿತು. 1998ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು. ಮುಂದೆ ವೈದ್ಯಕೀಯ ಉಪಕರಣದ ಕಂಪನಿಗಳು ಸಾಲುಸಾಲಾಗಿ ಬಂದವು.

ಆ ದೇಶದ ತೆರಿಗೆ ಇಲಾಖೆಯಲ್ಲಿ ಯಾವ ಕಂಪನಿ ಯಾರಿಂದ ಎಷ್ಟು ಕೊಂಡಿತು ಎಂಬ ದಾಖಲೆ ಇರುತ್ತದೆ. ಅದನ್ನು ಬಳಸಿ ಮೂವರು ಸಂಶೋಧಕರು (ಅಲ್ಫಾರೊ-ಉರೇನ್ಯಾ, ಮನೆಲಿಚಿ, ವಾಸ್ಕೇಸ್) 2022ರಲ್ಲಿ ಮಹತ್ವದ ಅಧ್ಯಯನ ಪ್ರಕಟಿಸಿದರು. ಮೊದಲ ಬಾರಿಗೆ ಬಹುರಾಷ್ಟ್ರೀಯ ಕಂಪನಿಯೊಂದಕ್ಕೆ ಮಾಲು ಕೊಡತೊಡಗಿದ ದೇಶೀಯ ಸಂಸ್ಥೆಯಲ್ಲಿ ನಾಲ್ಕು ವರ್ಷದ ಹೊತ್ತಿಗೆ ಕೆಲಸಗಾರರ ಸಂಖ್ಯೆ ಶೇ. 26ರಷ್ಟು, ಒಟ್ಟು ಉತ್ಪಾದಕತೆ ಶೇ. 4ರಿಂದ 9ರಷ್ಟು ಹೆಚ್ಚಿತ್ತು. ಇನ್ನೂ ಕುತೂಹಲದ ವಿಷಯ ಬೇರೆ ಗಿರಾಕಿಗಳಿಗೆ ಸಂಬಂಧಿಸಿದ್ದು. ಮೊದಲ ವರ್ಷ ಅವರಿಗೆ ಮಾರುವುದು ಗಣನೀಯವಾಗಿ ಕುಸಿಯುತ್ತದೆ. ಇರುವ ಯಂತ್ರ, ಆಳುಗಳೆಲ್ಲ ಹೊಸ ಗಿರಾಕಿಗೇ ಮೀಸಲಾಗುತ್ತವೆ. ನಾಲ್ಕನೆಯ ವರ್ಷಕ್ಕೆ ಆ ಬೇರೆ ಗಿರಾಕಿಗಳಿಗೆ ಮಾರುವುದೇ ಶೇ. 20ರಷ್ಟು ಏರಿರುತ್ತದೆ. ದೊಡ್ಡ ಪಾರ್ಟಿಗೆ ಕೆಲಸ ಮಾಡಿ ಕಲಿತದ್ದು ಸಣ್ಣ ಪಾರ್ಟಿಗಳಿಗೂ ಉಪಯೋಗಕ್ಕೆ ಬಂತು ಎಂದರ್ಥ.

ಈ ಶೇಕಡಾವಾರುಗಳ ಹಿಂದಿನ ಬದುಕು ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಜಾಬ್ ವರ್ಕ್ ಮಾಡುವವರಿಗೆ ಚೆನ್ನಾಗಿ ಗೊತ್ತು. ಊರಿನ ಗಿರಾಕಿ ಹಳೆಯ ಬಿಡಿಭಾಗವೊಂದನ್ನು ತಂದು ಮೇಜಿನ ಮೇಲಿಟ್ಟು ‘ಇಂಥದ್ದೇ ಮಾಡಿಕೊಡಿ’ ಎನ್ನುತ್ತಾನೆ. ದೊಡ್ಡ ಕಂಪನಿ ಡ್ರಾಯಿಂಗ್ ಕಳಿಸುತ್ತದೆ. ಅಳತೆ ಎಷ್ಟು ಮೈಕ್ರಾನ್ ಹೆಚ್ಚುಕಡಿಮೆಯಾದರೆ ಸಹಿಸಬಹುದೆಂದು ಅದರಲ್ಲೇ ಬರೆದಿರುತ್ತದೆ. ಮೊದಲ ಲಾಟ್ ತಿರಸ್ಕೃತವಾಗಿ ವಾಪಸು ಬರುತ್ತದೆ. ಆಡಿಟ್‌ಗೆ ಬಂದವರು ಉಕ್ಕು ಯಾವ ಬ್ಯಾಚಿನದು, ಅಳೆಯುವ ಗೇಜನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದಿರಿ, ಯಂತ್ರ ಕೆಟ್ಟು ನಿಂತ ಗಂಟೆಗಳ ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ಮಾಲೀಕನ ತಲೆಯಲ್ಲಿದ್ದದ್ದು ರಿಜಿಸ್ಟರಿಗೆ ಇಳಿಯುತ್ತದೆ. ಒಬ್ಬ ಹಳೇ ಮಿಸ್ತ್ರಿಯ ಕೈಚಳಕದಲ್ಲಿದ್ದದ್ದು ಫಿಕ್ಸ್ಚರ್ ಆಗಿ, ನಿನ್ನೆ ಸೇರಿದ ಐಟಿಐ ಹುಡುಗನೂ ಮಾಡಬಲ್ಲ ಕೆಲಸವಾಗುತ್ತದೆ. ನೂರಕ್ಕೆ ಹತ್ತು ರಿಜೆಕ್ಷನ್ ಇದ್ದದ್ದು ಒಂದಕ್ಕೆ ಇಳಿದರೆ ಅದೇ ಉಕ್ಕು, ಅದೇ ಕರೆಂಟಿನಲ್ಲಿ ಒಂಬತ್ತು ಮಾಲು ಹೆಚ್ಚು ಸಿಕ್ಕಂತೆ. ಉತ್ಪಾದಕತೆ ಏರುವುದೆಂದರೆ ಇದೇ.

ಈ ಕೊಂಡಿ ಏರ್ಪಡದಿದ್ದಾಗ ಏನಾಗುತ್ತದೆಂಬುದಕ್ಕೆ ಮೆಕ್ಸಿಕೊ ಸಾಕ್ಷಿ. ಅಮೆರಿಕದ ಗಡಿಯುದ್ದಕ್ಕೂ 1965ರಿಂದ ಬೆಳೆದ ಮಕಿಲಾಡೋರಾ ಕಾರ್ಖಾನೆಗಳು ಲಕ್ಷಾಂತರ ಮಂದಿಗೆ ಕೆಲಸ ಕೊಟ್ಟವು. ಬಿಡಿಭಾಗ ಸುಂಕವಿಲ್ಲದೆ ಬರುತ್ತಿತ್ತು, ಜೋಡಿಸಿ ವಾಪಸು ಕಳಿಸುತ್ತಿದ್ದರು. ಅವು ಬಳಸಿದ ಸಾಮಗ್ರಿಯಲ್ಲಿ ಮೆಕ್ಸಿಕೊದ್ದು ದಶಕಗಳ ಕಾಲ ನೂರಕ್ಕೆ ಎರಡು ಮೂರರಷ್ಟನ್ನು ದಾಟಲಿಲ್ಲ. ಕೂಲಿ ಸಿಕ್ಕಿತು, ಕಲಿಕೆ ಸಿಕ್ಕಿದ್ದು ಕಡಿಮೆ.

4. ಬುಸಾನ್‌ಗೆ ಹೋಗಿ ಬಂದ 130 ಮಂದಿ

ವಿದ್ಯೆ ಸಾಗುವ ಇನ್ನೊಂದು ದಾರಿ ಮನುಷ್ಯರು. ಇದಕ್ಕೆ ಬಾಂಗ್ಲಾದೇಶದ್ದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ದೇಶದಿಂದ ಸಿದ್ಧ ಉಡುಪಿನ ರಫ್ತು ಇಲ್ಲವೆನ್ನುವಷ್ಟು ಕಡಿಮೆ. ಅತ್ತ ದಕ್ಷಿಣ ಕೊರಿಯಾದ ಡೇವೂ ಕಂಪನಿಗೆ ಬೇರೊಂದು ತೊಡಕು. 1974ರ ಬಹುತಂತು ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು ಕೊರಿಯಾದ ಬಟ್ಟೆಗೆ ಕೋಟಾ ಹಾಕಿದ್ದವು. ಬಾಂಗ್ಲಾದೇಶಕ್ಕೆ ಆಗ ಆ ನಿರ್ಬಂಧವಿರಲಿಲ್ಲ. ನಿವೃತ್ತ ಸರ್ಕಾರಿ ಅಧಿಕಾರಿ ನೂರುಲ್ ಖಾದರ್ ಅವರ ದೇಶ್ ಗಾರ್ಮೆಂಟ್ಸ್ 1979ರಲ್ಲಿ ಡೇವೂ ಜತೆ ಒಪ್ಪಂದ ಮಾಡಿಕೊಂಡಿತು. ಡೇವೂ ಷೇರು ಹಾಕಲಿಲ್ಲ. ಯಂತ್ರ, ತಾಂತ್ರಿಕ ನೆರವು, ತರಬೇತಿ, ಮಾರಾಟದ ಜಾಲ ಒದಗಿಸುವುದು, ಬದಲಿಗೆ ಮಾರಾಟದಲ್ಲಿ ಕಮಿಷನ್ ಮತ್ತು ರಾಯಲ್ಟಿ ಪಡೆಯುವುದು, ಇಷ್ಟೇ ಒಪ್ಪಂದ. ದೇಶ್ ಸಂಸ್ಥೆ ತನ್ನ 130 ಮಂದಿಯನ್ನು ಕೊರಿಯಾದ ಬುಸಾನ್‌ನಲ್ಲಿದ್ದ ಡೇವೂ ಕಾರ್ಖಾನೆಗೆ ಆರು ತಿಂಗಳ ತರಬೇತಿಗೆ ಕಳಿಸಿತು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು.

1980ರಲ್ಲಿ ಚಿತ್ತಗಾಂಗ್‌ನಲ್ಲಿ ಉತ್ಪಾದನೆ ಶುರುವಾಯಿತು. ಮರುವರ್ಷವೇ ದೇಶ್ ಸಂಸ್ಥೆ ಡೇವೂ ಒಪ್ಪಂದವನ್ನು ಕೊನೆಗೊಳಿಸಿ ಸ್ವಂತ ಕಾಲ ಮೇಲೆ ನಿಂತಿತು. ಆ ದಶಕ ಮುಗಿಯುವುದರೊಳಗೆ 130ರಲ್ಲಿ 115 ಮಂದಿ ದೇಶ್ ಬಿಟ್ಟು ಹೋಗಿದ್ದರು. ಕೆಲವರು ತಾವೇ ಕಾರ್ಖಾನೆ ಹಾಕಿದರು, ಕೆಲವರು ಹೊಸ ಕಾರ್ಖಾನೆಗಳ ಮ್ಯಾನೇಜರ್ ಆದರು. ಬಟ್ಟೆಯನ್ನು ಪದರಪದರವಾಗಿ ಹಾಸಿ ಕತ್ತರಿಸುವುದು, ಲೈನ್ ಜೋಡಿಸುವುದು, ಗುಣಮಟ್ಟ ನೋಡುವುದು, ವಿದೇಶಿ ಗಿರಾಕಿಯೊಂದಿಗೆ ಪತ್ರ ವ್ಯವಹಾರ ಎಲ್ಲವೂ ಅವರ ಜತೆ ಹೋಯಿತು. ದೇಶ್ ಸಂಸ್ಥೆಗೆ ಅದು ನಷ್ಟ. ದೇಶಕ್ಕೆ ಅದೇ ಲಾಭ. ಇಂದು ಬಾಂಗ್ಲಾದೇಶದ ರಫ್ತು ಗಳಿಕೆಯಲ್ಲಿ ಶೇ. 80ಕ್ಕೂ ಹೆಚ್ಚು ಸಿದ್ಧ ಉಡುಪಿನದು. ಡೇವೂ ಸಮೂಹವೇ 1999ರಲ್ಲಿ ಸಾಲದ ಹೊರೆಯಲ್ಲಿ ಕುಸಿದುಬಿತ್ತು.

ಇಲ್ಲಿ ಸರ್ಕಾರದ ಪಾತ್ರವನ್ನು ಮರೆಯಬಾರದು. ರಫ್ತಿಗಾಗಿ ತರಿಸುವ ಬಟ್ಟೆಯನ್ನು ಸುಂಕ ಕಟ್ಟದೆ ಬಾಂಡೆಡ್ ಗೋದಾಮಿನಲ್ಲಿ ಇಟ್ಟುಕೊಳ್ಳಲು ಬಿಟ್ಟದ್ದು, ಗಿರಾಕಿಯ ಲೆಟರ್ ಆಫ್ ಕ್ರೆಡಿಟ್ ಆಧಾರದ ಮೇಲೆ ಬಟ್ಟೆ ಕೊಳ್ಳಲು ಇನ್ನೊಂದು ಎಲ್‌ಸಿ ತೆರೆಯಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟದ್ದು, ಈ ಎರಡರಿಂದ ಕೈಯಲ್ಲಿ ಕಾಸಿಲ್ಲದ ಆದರೆ ಕೆಲಸ ಬಲ್ಲ ಮ್ಯಾನೇಜರನೂ ಕಾರ್ಖಾನೆ ತೆರೆಯುವಂತಾಯಿತು. ವಿದ್ಯೆ ಕಲಿತವನು ಬಿಟ್ಟುಹೋಗಲು ಬಾಗಿಲು ತೆರೆದಿರಬೇಕು. ಹೋಗಿ ನಿಲ್ಲಲು ಜಾಗವೂ ಇರಬೇಕು. 2013ರಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು ಎಂಬುದನ್ನೂ ಇದರ ಜತೆಗೇ ಹೇಳಬೇಕು. ಹೊಲಿಗೆಯ ಕಲೆ ಹಬ್ಬಿದ ವೇಗದಲ್ಲಿ ಕಟ್ಟಡದ ಸುರಕ್ಷತೆ, ಕಾರ್ಮಿಕರ ಹಕ್ಕು ಹಬ್ಬಲಿಲ್ಲ.

5. ಷರತ್ತುಗಳ ಕಾಲ ಮುಗಿದ ಮೇಲೆ

ಭಾರತದ ಕಾರು ಉದ್ಯಮಕ್ಕೆ ಬರುತ್ತೇನೆ. 1982ರಲ್ಲಿ ಸುಜುಕಿ ಮಾರುತಿಯಲ್ಲಿ ಶೇ. 26ರಷ್ಟು ಪಾಲು ಪಡೆಯಿತು. 1983ರ ಡಿಸೆಂಬರಿನಲ್ಲಿ ಗುರ್‌ಗಾಂವ್‌ನಿಂದ ಮೊದಲ ಕಾರು ಹೊರಬಂತು. ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲೇ ಮಾಡಿಸಬೇಕೆಂಬ ಷರತ್ತಿತ್ತು. ಮಾರುತಿ ಸುತ್ತಮುತ್ತ ವೆಂಡರ್‌ಗಳನ್ನು ಬೆಳೆಸಿತು. ಕೆಲವರ ಕಂಪನಿಗಳಲ್ಲಿ ತಾನೇ ಪಾಲು ಹಾಕಿತು, ಜಪಾನಿನ ಬಿಡಿಭಾಗ ತಯಾರಕರೊಂದಿಗೆ ನಂಟು ಬೆಸೆಯಿತು. ತೊಂಬತ್ತರ ದಶಕದಲ್ಲಿ ಬೇರೆ ಕಾರು ಕಂಪನಿಗಳು ದೇಶಕ್ಕೆ ಬಂದಾಗ ಬಿಡಿಭಾಗದ ಉದ್ದಿಮೆಯೊಂದು ಆಗಲೇ ಬೇರು ಬಿಟ್ಟಿತ್ತು.

ಅಂಥ ಷರತ್ತು ಈಗ ಸುಲಭವಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ 1995ರ ಒಪ್ಪಂದಗಳು ‘ಇಷ್ಟು ಭಾಗ ಇಲ್ಲೇ ಕೊಳ್ಳಬೇಕು’ ಎಂಬ ಕಟ್ಟಳೆಯನ್ನು ನಿಷೇಧಿಸುತ್ತವೆ. ಮೂರು ವರ್ಷದಲ್ಲಿ ಶೇ. 50, ಐದು ವರ್ಷದಲ್ಲಿ ಶೇ. 70ರಷ್ಟು ದೇಶೀಕರಣ ಬೇಕೆಂದ ಭಾರತದ 1997ರ ಕಾರು ನೀತಿಯನ್ನು ಅಮೆರಿಕ ಮತ್ತು ಯುರೋಪು ಪ್ರಶ್ನಿಸಿದವು. 2001ರ ಕೊನೆಯಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಬಲವಂತ ಮಾಡುವಂತಿಲ್ಲ ಎಂದಾದ ಮೇಲೆ ಸ್ಥಳೀಯರಿಂದ ಕೊಳ್ಳುವುದೇ ಕಂಪನಿಗೂ ಲಾಭವೆನಿಸುವಂತೆ ನಮ್ಮ ಘಟಕಗಳನ್ನು ಸಜ್ಜುಗೊಳಿಸುವ ದಾರಿ ಉಳಿಯುತ್ತದೆ.

ಸಜ್ಜಾಗದ ನೆಲಕ್ಕೆ ಬಂಡವಾಳ ಬಂದರೆ ಏನಾಗುತ್ತದೆಂದು ಬೊರೆನ್ಸ್‌ಟೈನ್, ಡಿ ಗ್ರೆಗೋರಿಯೊ ಮತ್ತು ಲೀ 69 ಅಭಿವೃದ್ಧಿಶೀಲ ದೇಶಗಳ ಅಂಕಿಅಂಶಗಳಿಂದ 1998ರಲ್ಲಿ ತೋರಿಸಿದರು. ಜನರ ಶಿಕ್ಷಣ ಒಂದು ಕನಿಷ್ಠ ಮಟ್ಟ ಮುಟ್ಟಿದ ದೇಶಗಳಲ್ಲಷ್ಟೇ ವಿದೇಶಿ ಹೂಡಿಕೆ ದೇಶೀಯ ಹೂಡಿಕೆಗಿಂತ ಹೆಚ್ಚು ಫಲ ಕೊಟ್ಟಿತ್ತು. ಕೃಷ್ಣೆಯ ದೊಡ್ಡ ಕಾಲುವೆ ಊರ ಪಕ್ಕವೇ ಹರಿದರೂ ಹೊಲಗಾಲುವೆ ತೋಡದವನ ಜೋಳಕ್ಕೆ ನೀರು ಹತ್ತುವುದಿಲ್ಲ; ಇದೂ ಹಾಗೆಯೇ.

ನಮ್ಮಲ್ಲಿ ಆ ಹೊಲಗಾಲುವೆ ಯಾವುದು? ಬೆಂಗಳೂರಿಗೆ ಅದು ಒಂದು ದಿನದಲ್ಲಿ ಬಂದದ್ದಲ್ಲ. ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, ಜರ್ಮನಿಯ ಬಾಷ್ ಬೆಂಬಲದ ಮೈಕೋ, ಜತೆಗೆ ಎಚ್‌ಎಎಲ್, ಬಿಇಎಲ್ ಇವುಗಳ ಶಾಪ್ ಫ್ಲೋರಿನಲ್ಲಿ ಕೈ ಪಳಗಿಸಿಕೊಂಡ ತಲೆಮಾರಿನಿಂದ ನಗರದ ಸಣ್ಣ ಕೈಗಾರಿಕೆಗಳಿಗೆ ಮಾಲೀಕರೂ ಮಿಸ್ತ್ರಿಗಳೂ ಸಿಕ್ಕರು. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತರಬೇತಿ ಶಾಲೆ ಹಳ್ಳಿಯ ಬಡ ಮಕ್ಕಳಿಗೆ ವಸತಿ ಕೊಟ್ಟು ಕಸುಬು ಕಲಿಸುತ್ತದೆ. ಆದರೆ ಕಂಪನಿ ಕಲಿಸುವುದು ತನಗೆ ಬೇಕಾದ್ದನ್ನು. ಜಿಲ್ಲೆಯ ಐಟಿಐಯಲ್ಲಿ ಇವತ್ತಿನ ಸಿಎನ್‌ಸಿ ಯಂತ್ರ ಇದೆಯೇ, ಮಾಲು ಪರೀಕ್ಷಿಸುವ ಪ್ರಯೋಗಾಲಯ ಹತ್ತಿರದಲ್ಲಿದೆಯೇ, ಹೊಸ ಯಂತ್ರಕ್ಕೆ ಸಣ್ಣ ಉದ್ದಿಮೆದಾರನಿಗೆ ಸಾಲ ಸಿಗುತ್ತದೆಯೇ ಎಂದು ನೋಡಬೇಕಾದವರು ನಾವು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಪೇಮೆಂಟು ಆರು ತಿಂಗಳು ತಡವಾದರೆ ಮಾಲೀಕ ಬಡ್ಡಿ ಕಟ್ಟುವುದರಲ್ಲೇ ಹೈರಾಣಾಗುತ್ತಾನೆ. ಹೊಸ ಗೇಜು, ಹೊಸ ಯಂತ್ರದ ಮಾತು ಅಲ್ಲಿಗೇ ಮುಗಿಯಿತು.

6. ಎರಡು ಆಕ್ಷೇಪಗಳು

ಒಳ್ಳೆಯ ಘಟಕಗಳನ್ನೇ ವಿದೇಶಿ ಕಂಪನಿ ಆರಿಸಿಕೊಳ್ಳುತ್ತದೆ, ಆದ್ದರಿಂದ ಅವು ಮುಂದೆ ಚೆನ್ನಾಗಿ ಕಂಡರೆ ಅದು ಕಲಿಕೆಯ ಫಲವೆನ್ನಲಾಗದು ಎಂದು ಕೆಲವರು ಹೇಳುತ್ತಾರೆ. ತೂಕದ ಆಕ್ಷೇಪ. ಅದಕ್ಕೇ ಕೋಸ್ಟರೀಕಾದ ಅಧ್ಯಯನ ಒಂದೇ ಸಂಸ್ಥೆಯನ್ನು ಪೂರೈಕೆಗೆ ಮುನ್ನ ಮತ್ತು ಅನಂತರ ಹೋಲಿಸಿ ನೋಡಿತು. ಆಗಲೂ ಏರಿಕೆ ಕಂಡಿತು.

ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡ ಪೂರೈಕೆದಾರ ಅವನು ಹೇಳಿದ ದರಕ್ಕೆ ತಲೆಬಾಗಬೇಕಾಗುತ್ತದೆ, ಅವನು ಎದ್ದುಹೋದರೆ ಬೀದಿಗೆ ಬೀಳುತ್ತಾನೆ ಎಂಬುದು ಎರಡನೆಯದು. ಇದು ನಿಜ. 2014ರಲ್ಲಿ ಇಂಟೆಲ್ ಕೋಸ್ಟರೀಕಾದ ಜೋಡಣಾ ಘಟಕವನ್ನು ಮುಚ್ಚಿದಾಗ ಸುಮಾರು 1,500 ಮಂದಿಯ ಕೆಲಸ ಹೋಯಿತು. ಆದರೆ ಆ ಹೊತ್ತಿಗೆ ವೈದ್ಯಕೀಯ ಉಪಕರಣದ ಉದ್ದಿಮೆ ಬೆಳೆದು ನಿಂತಿತ್ತು. ಇಂದು ಆ ದೇಶದ ದೊಡ್ಡ ರಫ್ತು ಅದೇ. ಕಲಿತ ವಿದ್ಯೆಗೆ ಎರಡನೆಯ ಗಿರಾಕಿ ಇದ್ದರೆ ಮೊದಲನೆಯವನು ಹೋದಾಗ ಆಗುವ ಪೆಟ್ಟನ್ನು ತಡೆದುಕೊಳ್ಳಬಹುದು.

ಆದ್ದರಿಂದ ಇನ್ನು ಮುಂದೆ ಹೂಡಿಕೆಯ ಸುದ್ದಿ ಓದಿದಾಗ ಕೋಟಿಗಳ ಜತೆಗೆ ನಾಲ್ಕು ಸಂಗತಿ ಕೇಳಿ. ಈ ಕಂಪನಿ ಐದನೆಯ ವರ್ಷದಲ್ಲಿ ತನ್ನ ಸಾಮಗ್ರಿಯಲ್ಲಿ ಎಷ್ಟು ಭಾಗವನ್ನು ರಾಜ್ಯದ ಘಟಕಗಳಿಂದ ಕೊಳ್ಳುತ್ತಿದೆ? ಅದರ ಪೂರೈಕೆದಾರರಿಗೆ ಬೇರೆ ಗಿರಾಕಿಗಳು ಎಷ್ಟಿದ್ದಾರೆ? ಅಲ್ಲಿ ಮೇಲ್ವಿಚಾರಕ, ಎಂಜಿನಿಯರ್ ಹುದ್ದೆಗೆ ಏರಿದ ಸ್ಥಳೀಯರು ಎಷ್ಟು, ಬಿಟ್ಟುಬಂದು ಸ್ವಂತ ಉದ್ದಿಮೆ ಹಾಕಿದವರು ಎಷ್ಟು? ಆ ಕಂಪನಿಗೆಂದು ನಾವು ಬಿಟ್ಟುಕೊಟ್ಟ ತೆರಿಗೆ, ಭೂಮಿಯ ಬೆಲೆಗೆ ಇದೆಲ್ಲ ಸರಿದೂಗಿತೇ? ಒಪ್ಪಂದಕ್ಕೆ ಸಹಿ ಬಿದ್ದ ದಿನ ಇವಕ್ಕೆ ಉತ್ತರವಿರುವುದಿಲ್ಲ. ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಲೆಕ್ಕ ಒಪ್ಪಿಸಬೇಕೆಂಬ ಕರಾರನ್ನು ಅದೇ ದಿನ ಬರೆಯಬಹುದು. ರಿಯಾಯಿತಿ ಕೊಡುವುದು ಜನರ ಹಣದಿಂದ. ಲೆಕ್ಕ ಕೇಳುವ ಹಕ್ಕೂ ಜನರದೇ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಒಂದೊಂದು ಜಿಲ್ಲೆ ಹಿಡಿದು ಈ ಲೆಕ್ಕ ಹಾಕುವ ಕೆಲಸಕ್ಕೆ ಇಳಿದರೆ ಈ ದತ್ತಿಯ ಉದ್ದೇಶ ಈಡೇರಿದಂತೆ.